ಘಟ್ಟದ ಮೇಲೊಂದು ಕಾಲೇಜು, ಕಡಲ ದಂಡೆಗೊಂದು: ವಿನಿಮಯಕ್ಕೆ ಹೊರಡುವ ಪದವಿ ವಿದ್ಯಾರ್ಥಿಗಳಿಗೆ

ಕಾರವಾರದ ಒಂದು ಪದವಿ ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಶಿರಸಿಯ ಒಂದು ಕಾಲೇಜಿಗೂ ನಮಗೂ ವಿದ್ಯಾರ್ಥಿ ವಿನಿಮಯದ ಒಡಂಬಡಿಕೆ ಇದೆ. ನಮ್ಮ ಮಕ್ಕಳು ಘಟ್ಟ ಹತ್ತಿ ಹೋಗಿ ಅಲ್ಲಿಯ ಲ್ಯಾಬಿನಲ್ಲಿ, ಬೆಟ್ಟದಲ್ಲಿ ಕೆಲವು ವಾರ ಕೆಲಸ ಮಾಡಬಹುದು. ಅವರು ಇಳಿದು ಬಂದು ನಮ್ಮ ಅಳಿವೆಯಲ್ಲಿ, ಬಂದರಿನಲ್ಲಿ ಕೆಲಸ ಮಾಡಬಹುದು. ಈ ಕಡೆಯ ಉಸ್ತುವಾರಿ ನನ್ನದು. ಸುತ್ತೋಲೆ ಅಂಟಿಸಿದಾಗೆಲ್ಲ ವಿಚಾರಿಸಲು ಬರುವವರು ಅದೇ ಮುಂದಿನ ಬೆಂಚಿನವರು. ಉಳಿದವರನ್ನು ಕೇಳಿದರೆ, "ಅದೆಲ್ಲ ರ್‍ಯಾಂಕ್ ಬರುವವರಿಗೆ ಮೇಡಂ" ಅನ್ನುತ್ತಾರೆ. ನನಗೆ ನಿಜವಾಗಿ ಬೇಕಾಗಿರುವವರು ಈ ಉಳಿದವರು. ಬೈತಖೋಲದ ಮೀನು ಬಂದರಿನಲ್ಲಿ ದೋಣಿ ಇರುವ ಮನೆಯ ಹುಡುಗನಿಗೆ, ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ಮೇಲೆ ನಡೆದೇ ಶಾಲೆಗೆ ಹೋದ ಹುಡುಗಿಗೆ ತಮ್ಮ ಊರಿನ ನೀರು ಮಣ್ಣಿನ ಬಗ್ಗೆ ಗೊತ್ತಿರುವಷ್ಟು ಶಿರಸಿಯ ಪ್ರಾಧ್ಯಾಪಕರಿಗೂ ಗೊತ್ತಿರುವುದಿಲ್ಲ. ವಿನಿಮಯ ಅಂದರೆ ಕೊಡುವುದೂ ಉಂಟು, ಬರೀ ಬೇಡುವುದಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಿ.

ಮೊದಲು ಒಡಂಬಡಿಕೆಯನ್ನು ಓದಿ

ನಿಮ್ಮ ಕಾಲೇಜಿಗೆ ಯಾವ ಯಾವ ಕಾಲೇಜು, ಸಂಸ್ಥೆಗಳ ಜೊತೆ ಎಂಒಯು, ಅಂದರೆ ಒಡಂಬಡಿಕೆ, ಇದೆ ಎಂಬ ಪಟ್ಟಿ ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಸಂಯೋಜಕರ ಹತ್ತಿರ ಇರುತ್ತದೆ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಮೌಲ್ಯಮಾಪನಕ್ಕೆ ಈ ಪಟ್ಟಿಯನ್ನು ಕೊಡಲೇಬೇಕು, ಹಾಗಾಗಿ ಇಲ್ಲ ಎನ್ನುವ ಹಾಗಿಲ್ಲ. ಧೈರ್ಯವಾಗಿ ಕೇಳಿ. ಕೈಗೆ ಸಿಕ್ಕಮೇಲೆ ನಾಲ್ಕು ವಿಷಯ ನೋಡಿ: ಅವಧಿ ಮುಗಿದಿಲ್ಲವೇ, ನಿಮ್ಮ ವಿಭಾಗ ಅದರಲ್ಲಿ ಸೇರಿದೆಯೇ, ಉಳಿಯಲು ಹಾಸ್ಟೆಲ್ ಯಾರು ಕೊಡಬೇಕು, ಅಲ್ಲಿ ಮಾಡಿದ ಕೆಲಸಕ್ಕೆ ಹಾಜರಿ ಮತ್ತು ಕ್ರೆಡಿಟ್ ಉಂಟೇ. ಕಳೆದ ಒಂದೆರಡು ವರ್ಷಗಳಲ್ಲಿ ಆ ಒಡಂಬಡಿಕೆಯಡಿ ಏನೇನು ನಡೆದಿದೆ ಎಂದೂ ವಿಚಾರಿಸಿ. ಏನೂ ನಡೆದಿಲ್ಲ ಎಂದರೆ ಬಾಗಿಲು ಮುಚ್ಚಿದೆ ಎಂದುಕೊಳ್ಳಬೇಡಿ. ಎಷ್ಟೋ ಒಡಂಬಡಿಕೆಗಳು ಕೇಳುವ ವಿದ್ಯಾರ್ಥಿ ಇಲ್ಲದೆ ಸುಮ್ಮನೆ ಮಲಗಿರುತ್ತವೆ. ಒಬ್ಬರು ಬಂದು, "ನನಗೆ ಇಂಥ ಕೆಲಸ ಇದೆ, ಹೋಗಬೇಕು" ಅಂದರೆ ಅದಕ್ಕೆ ಜೀವ ಬರುತ್ತದೆ.

ಕಾಗದಕ್ಕಿಂತ ಮುಖ್ಯವಾಗಿ ಆ ಕಡೆ ಒಬ್ಬ ಅಧ್ಯಾಪಕರು ಬೇಕು, ಈ ಕಡೆ ಒಬ್ಬರು. ಪ್ರಾಂಶುಪಾಲರು ಬದಲಾಗುತ್ತಾರೆ, ವರ್ಗವಾಗುತ್ತದೆ. ಕೆಲಸ ನಡೆಸಿಕೊಂಡು ಹೋಗುವವರು ಈ ಇಬ್ಬರೇ. ಮಾಧವ ಗಾಡ್ಗೀಳರು ಮತ್ತು ಕುಮಟಾದ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಎಂ.ಡಿ. ಸುಭಾಶ್ಚಂದ್ರನ್ ಅವರು ಜೊತೆಯಾಗಿ ನಮ್ಮ ಜಿಲ್ಲೆಯ ದೇವರಕಾಡುಗಳ ಮೇಲೆ ಮಾಡಿದ ಕೆಲಸವನ್ನು ಇವತ್ತಿಗೂ ದೇಶವಿದೇಶದವರು ಉಲ್ಲೇಖಿಸುತ್ತಾರೆ. ಒಬ್ಬರು ಬೆಂಗಳೂರಿನ ದೊಡ್ಡ ಸಂಸ್ಥೆಯವರು, ಇನ್ನೊಬ್ಬರು ನಮ್ಮಂಥದೇ ಪದವಿ ಕಾಲೇಜಿನ ಮೇಷ್ಟ್ರು. ಹಾಗಾಗಿ ತಾಲೂಕಿನ ಕಾಲೇಜಿನಲ್ಲಿ ಕೂತು ಸಂಶೋಧನೆ ಆಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಪ್ರಶ್ನೆ ಚಿಕ್ಕದಿರಲಿ

ಹೆಚ್ಚು ಜನ ಎಡವುವುದು ಇಲ್ಲಿ. "ಕಾಳಿ ನದಿ ಮಾಲಿನ್ಯದ ಅಧ್ಯಯನ" ಎಂದು ಬರೆದುಕೊಂಡು ಬರುತ್ತಾರೆ. ಅದು ಒಂದು ಇಲಾಖೆ ಹತ್ತು ವರ್ಷ ಮಾಡುವ ಕೆಲಸ. ಸದಾಶಿವಗಡದ ಕಡೆಯ ಒಬ್ಬ ವಿದ್ಯಾರ್ಥಿ ಹೀಗೇ ಬಂದಾಗ, ನಿಮ್ಮ ಮನೆ ಹತ್ತಿರ ದಿನಾ ಕಾಣುವುದೇನು ಎಂದು ಕೇಳಿದೆ. ಏಡಿ ಅಂದ. ಎಲ್ಲಿ ಹೆಚ್ಚು? ಕಾಂಡ್ಲ (ಮ್ಯಾಂಗ್ರೋವ್) ಗಿಡಗಳ ಹತ್ತಿರ ಹೆಚ್ಚು, ಕಲ್ಲು ಕಟ್ಟಿದ ದಂಡೆಯಲ್ಲಿ ಕಡಿಮೆ ಇದ್ದ ಹಾಗೆ ಕಾಣುತ್ತದೆ ಅಂದ. "ಇದ್ದ ಹಾಗೆ" ಎನ್ನುವುದನ್ನು ಎಣಿಸಿ ನೋಡಬಹುದಲ್ಲ! ಪಿವಿಸಿ ಪೈಪಿನಲ್ಲಿ ಒಂದು ಮೀಟರ್ ಅಗಲ, ಒಂದು ಮೀಟರ್ ಉದ್ದದ ಚೌಕಟ್ಟು ಮಾಡಿದೆವು. ಇಳಿತದ ಹೊತ್ತಿನಲ್ಲಿ ಎರಡೂ ದಂಡೆಗಳಲ್ಲಿ ಚೌಕಟ್ಟು ಇಟ್ಟು ಬಿಲ ಎಣಿಸುವುದು, ಅಷ್ಟೇ. ಪ್ರಶ್ನೆ ಒಂದೇ ಸಾಲಿನದು, ಉಪಕರಣ ಅಂಗಡಿ ಪೈಪಿನದು, ಉತ್ತರ ಅಂಕಿಯಲ್ಲಿ ಬರುವಂಥದ್ದು. ಅವನು ಶಿರಸಿಗೆ ಹೋಗಿ ಸೊಪ್ಪಿನಬೆಟ್ಟದ (ತೋಟಕ್ಕೆ ಸೊಪ್ಪು ತರುವ ಕಾಡು) ತರಗೆಲೆಯಡಿ ಹುಳುಹುಪ್ಪಟೆಗಳನ್ನು ಎಣಿಸುವ ಕ್ರಮ ಕಲಿತ. ಎರಡು ಕಡೆಯೂ ಚೌಕಟ್ಟು ಅದೇ.

ಎರಡೂ ಕಾಲೇಜುಗಳನ್ನು ಹೆಣೆಯುವ ಪ್ರಶ್ನೆ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಅಘನಾಶಿನಿ ಶಿರಸಿ ಪೇಟೆಯ ಶಂಕರ ಹೊಂಡದಲ್ಲಿ ಹುಟ್ಟುತ್ತದೆ, ತದಡಿಯಲ್ಲಿ ಕಡಲು ಸೇರುತ್ತದೆ. ನಡುವೆ ಒಂದು ದೊಡ್ಡ ಅಣೆಕಟ್ಟೂ ಇಲ್ಲ. ಅದರ ಅಳಿವೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮೂಲದ ಹತ್ತಿರ ಒಂದು ಕಾಲೇಜು, ಬಾಯಿಯ ಕಡೆ ಇನ್ನೊಂದು: ಒಂದೇ ವಾರದಲ್ಲಿ ಇಬ್ಬರೂ ನೀರಿನ ಉಷ್ಣತೆ, ಪಿಎಚ್, ಕರಗಿದ ಆಮ್ಲಜನಕ, ಉಪ್ಪಿನಂಶ ಅಳೆದು ಒಂದೇ ಹಾಳೆಯಲ್ಲಿ ಇಟ್ಟರೆ ಅದು ಒಬ್ಬರಿಂದ ಆಗದ ಕೆಲಸ. ಒಂದು ಎಚ್ಚರಿಕೆ ಮಾತ್ರ. ಆಮ್ಲಜನಕವನ್ನು ವಿಂಕ್ಲರ್ ವಿಧಾನದಲ್ಲಿ ನೋಡುವುದಾದರೆ ಮ್ಯಾಂಗನಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ದ್ರಾವಣಗಳನ್ನು ಹೊಳೆಯ ದಂಡೆಯಲ್ಲೇ ಬಾಟಲಿಗೆ ಹಾಕಬೇಕು, ಒಳಗೆ ಗಾಳಿಗುಳ್ಳೆ ಇರಬಾರದು. ಖಾಲಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಬಸ್ಸಿನಲ್ಲಿ ಲ್ಯಾಬಿಗೆ ತಂದರೆ ಸಿಗುವ ಅಂಕಿ ಹೊಳೆಯದಲ್ಲ.

ವಿಜ್ಞಾನದವರಿಗೆ ಮಾತ್ರ ಎಂದುಕೊಂಡು ಕಲಾ, ವಾಣಿಜ್ಯದ ಮಕ್ಕಳು ಹಿಂದೆ ಸರಿಯುವುದು ನನಗೆ ಬೇಸರದ ವಿಷಯ. ವಾಣಿಜ್ಯದವರಿಗೆ ನಾನು ಯಾವಾಗಲೂ ಹೇಳುವ ಒಂದು ವಿಷಯವಿದೆ. ಶಿರಸಿಯಲ್ಲಿ ಅಡಿಕೆಗೆ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂದು ಬೇರೆ ಬೇರೆ ದರ ನಿಗದಿಯಾಗುವುದು ಟೆಂಡರಿನಲ್ಲಿ. ಅಲ್ಲಿಯ ತೋಟಗಾರ್ಸ್ ಸೇಲ್ ಸೊಸೈಟಿ 1923ರಿಂದ ಇದೆ. ಬೈತಖೋಲದಲ್ಲಿ ಬಂಗಡೆ, ಇಸ್ವಾಣಕ್ಕೆ ದರ ಕೂಗುವುದು ದಕ್ಕೆಯ ಮೇಲೆ, ನಿಮಿಷಗಳಲ್ಲಿ. ಒಂದು ವರ್ಷಗಟ್ಟಲೆ ಇಟ್ಟುಕೊಳ್ಳಬಹುದಾದ ಮಾಲು, ಇನ್ನೊಂದು ಸಂಜೆಗೆ ಕೆಡುವ ಮಾಲು. ಬೆಳೆಗಾರನಿಗೆ ಮತ್ತು ದೋಣಿಯವನಿಗೆ ದರದ ಮೇಲೆ ಎಷ್ಟು ಹಿಡಿತ ಎಂಬುದನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ? ಇತಿಹಾಸದವರಿಗೆ 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಬಂದ ಅಂಕೋಲಾ, ಶಿರಸಿ, ಸಿದ್ದಾಪುರದ ಕರನಿರಾಕರಣೆ ಉಂಟು. ಜಮೀನು ಕಳೆದುಕೊಂಡ ಮನೆತನಗಳ ನೆನಪು ಘಟ್ಟದ ಮೇಲೂ ಇದೆ, ಕೆಳಗೂ ಇದೆ.

ಪತ್ರ ಹೀಗಿರಲಿ

ಆ ಕಡೆಯ ಅಧ್ಯಾಪಕರಿಗೆ ಬರೆಯುವ ಪತ್ರ ಅರ್ಧ ಪುಟ ಮೀರಬಾರದು. "ತಮ್ಮ ಘನ ಸಂಸ್ಥೆಯಲ್ಲಿ ಅವಕಾಶ ನೀಡಿ ಕೃತಾರ್ಥನನ್ನಾಗಿ ಮಾಡಬೇಕಾಗಿ" ಎಂಬ ಧಾಟಿ ಬೇಡ. ನೀವು ಯಾರು, ಏನು ನೋಡಿದ್ದೀರಿ, ಏನು ಕಲಿಯಬೇಕು, ಯಾವಾಗ ಬರುತ್ತೀರಿ, ಇಷ್ಟೇ. ಆ ಏಡಿ ಹುಡುಗನ ಪತ್ರದ ಧಾಟಿ ಹೀಗಿತ್ತು:

"ಮಾನ್ಯ ಮೇಡಂ, ನಾನು ಕಾರವಾರದಲ್ಲಿ ಬಿ.ಎಸ್ಸಿ. ನಾಲ್ಕನೇ ಸೆಮಿಸ್ಟರ್ ಓದುತ್ತಿದ್ದೇನೆ. ನಮ್ಮ ಮನೆ ಕಾಳಿ ದಂಡೆಯಲ್ಲಿದೆ. ಕಾಂಡ್ಲ ಇರುವ ದಂಡೆಯಲ್ಲಿ ಮತ್ತು ಕಲ್ಲು ಕಟ್ಟಿದ ದಂಡೆಯಲ್ಲಿ ಏಡಿ ಬಿಲಗಳನ್ನು ಚೌಕಟ್ಟು ಇಟ್ಟು ಎಣಿಸಿದ್ದೇನೆ. ಲೆಕ್ಕದ ಹಾಳೆಯನ್ನು ಇದರೊಂದಿಗೆ ಕಳಿಸಿದ್ದೇನೆ. ಎಣಿಕೆಗಳ ನಡುವಿನ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ತಿಳಿಯುವ ಲೆಕ್ಕ ನನಗೆ ಬರುವುದಿಲ್ಲ. ಅದನ್ನು, ಹಾಗೂ ಕಾಡಿನ ತರಗೆಲೆಯಲ್ಲಿ ಎಣಿಸುವ ಕ್ರಮವನ್ನು ನಿಮ್ಮ ವಿಭಾಗದಲ್ಲಿ ಕಲಿಯಬೇಕೆಂದಿದ್ದೇನೆ. ನಿಮ್ಮ ವಿದ್ಯಾರ್ಥಿಗಳು ಇಲ್ಲಿಗೆ ಬಂದರೆ ಅಳಿವೆಯಲ್ಲಿ ಜೊತೆಗಿದ್ದು ತೋರಿಸುತ್ತೇನೆ."

ಬರುವುದಿಲ್ಲ ಎಂದು ಸ್ಪಷ್ಟವಾಗಿ ಬರೆದದ್ದು ಮತ್ತು ಕೊನೆಯ ಸಾಲು, ಈ ಎರಡು ಆ ಮೇಡಂಗೆ ಬಹಳ ಹಿಡಿಸಿದವು. ಇಂಗ್ಲಿಷಿನಲ್ಲೇ ಬರೆಯಬೇಕೆಂಬ ಅಂಜಿಕೆಯೂ ಬೇಡ. ನಮ್ಮೊಳಗಿನ ಪತ್ರ ಕನ್ನಡದಲ್ಲಿ ಚೆನ್ನಾಗಿ ನಡೆಯುತ್ತದೆ. ಹೊರರಾಜ್ಯದ ಸಂಸ್ಥೆಗೆ ಬರೆಯುವಾಗ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ನಿಮ್ಮ ಇಂಗ್ಲಿಷ್ ಅಧ್ಯಾಪಕರ ಜೊತೆ ಕೂತು ಇಂಗ್ಲಿಷಿಗೆ ತನ್ನಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ, ಅಥವಾ ನಿಮ್ಮ ಅಧ್ಯಾಪಕರಿಂದ ಫೋನ್ ಮಾಡಿಸಿ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಹಾಜರಿ, ಕ್ರೆಡಿಟ್, ಕಾಗದಪತ್ರ

ಶೇ. 75 ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ತೊಂದರೆ. ವಿದ್ಯಾರ್ಥಿವೇತನಕ್ಕೂ ತೊಂದರೆಯಾಗಬಹುದು. ಆದ್ದರಿಂದ ಹೊರಡುವ ಮುಂಚೆ ಪ್ರಾಂಶುಪಾಲರ ಸಹಿ ಇರುವ ಅನುಮತಿ ಪತ್ರ ತೆಗೆದುಕೊಳ್ಳಿ. ಇಂಥ ದಿನದಿಂದ ಇಂಥ ದಿನದವರೆಗೆ ಕಾಲೇಜಿನ ಕೆಲಸದ ಮೇಲೆ ಹೋಗಿದ್ದಾರೆ, ಹಾಜರಿ ಪರಿಗಣಿಸಬೇಕು ಎಂದು ಅದರಲ್ಲಿ ಇರಬೇಕು. ಪ್ರತಿಯೊಂದು ವಿಷಯದ ಅಧ್ಯಾಪಕರಿಗೂ ಒಂದೊಂದು ಪ್ರತಿ ಕೊಡಿ. ಬಾಯಿಮಾತಿನ ಒಪ್ಪಿಗೆ ಸೆಮಿಸ್ಟರ್ ಕೊನೆಗೆ ಯಾರಿಗೂ ನೆನಪಿರುವುದಿಲ್ಲ.

ಎರಡೂ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೇ ಸೇರಿದ್ದರೆ ಪಠ್ಯಕ್ರಮ ಒಂದೇ, ಅಡಚಣೆ ಕಡಿಮೆ. ಬೇರೆ ವಿಶ್ವವಿದ್ಯಾಲಯದ ಕಾಲೇಜಾದರೆ, ಉದಾಹರಣೆಗೆ ಮಂಗಳೂರು ಕಡೆಯದು, ಕ್ರೆಡಿಟ್ ವರ್ಗಾವಣೆಯ ಪ್ರಶ್ನೆ ಬರುತ್ತದೆ. ಅದಕ್ಕಾಗಿಯೇ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ವ್ಯವಸ್ಥೆ ತಂದಿತು. ಡಿಜಿಲಾಕರ್ ಮೂಲಕ ನಿಮ್ಮ 12 ಅಂಕಿಯ ಗುರುತು ಸಂಖ್ಯೆ ಮಾಡಿಸಿಕೊಳ್ಳಿ. ಆಧಾರ್ ಮತ್ತು ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇರಲಿ. ನಮ್ಮ ಕಡೆ ಒಂದರಲ್ಲಿ ಅಪ್ಪನ ಹೆಸರು, ಇನ್ನೊಂದರಲ್ಲಿ ಅಡ್ಡಹೆಸರು ಇರುವುದು ಮಾಮೂಲಿ, ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಯುಜಿಸಿ ಮಾರ್ಗಸೂಚಿಯ ಪ್ರಕಾರ ನಾಲ್ಕನೇ ಸೆಮಿಸ್ಟರ್ ಮುಗಿದ ಮೇಲೆ 60ರಿಂದ 120 ಗಂಟೆಗಳ ಇಂಟರ್ನ್‌ಶಿಪ್‌ಗೆ 2ರಿಂದ 4 ಕ್ರೆಡಿಟ್ ಉಂಟು. ಆದರೆ ನಮ್ಮ ರಾಜ್ಯದಲ್ಲಿ 2024-25ರಿಂದ ಪದವಿ ಮತ್ತೆ ಮೂರು ವರ್ಷದ್ದಾಗಿದೆ, ಪಠ್ಯಕ್ರಮವೂ ಬದಲಾಗಿದೆ. ಸೀನಿಯರ್‌ಗಳಿಗೆ ಸಿಕ್ಕಿತು ಎಂದು ನಂಬಿ ಕೂರಬೇಡಿ. ನಿಮ್ಮ ಬ್ಯಾಚಿನ ಪಠ್ಯಕ್ರಮವನ್ನೇ ತೆರೆದು ನೋಡಿ.

ಖರ್ಚಿನ ಮಾತು. ಶಿರಸಿ ಇಲ್ಲಿಂದ ಕುಮಟಾ, ದೇವಿಮನೆ ಘಟ್ಟದ ಮೇಲೆ 120 ಕಿ.ಮೀ. ಆಸುಪಾಸು. ಹುಡುಗಿಯರಿಗೆ ಶಕ್ತಿ ಯೋಜನೆಯಡಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಇಲ್ಲ, ಗುರುತಿನ ಚೀಟಿ ಇಟ್ಟುಕೊಳ್ಳಿ. ಹುಡುಗರ ಬಸ್ ಖರ್ಚು, ಊಟದ ಖರ್ಚನ್ನು ಕಾಲೇಜು ಎಷ್ಟು ಭರಿಸುತ್ತದೆ ಎಂದು ಮೊದಲೇ ಬಾಯಿಬಿಟ್ಟು ಕೇಳಿ. ಕೇಳಲು ಸಂಕೋಚಪಟ್ಟು ಅವಕಾಶವನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಅದು ನನಗೆ ತುಂಬ ನೋವಿನ ವಿಷಯ. ಹೆಣ್ಣುಮಕ್ಕಳ ಮನೆಯಲ್ಲಿ ಒಪ್ಪದಿದ್ದರೆ ತಂದೆತಾಯಿಯನ್ನು ಒಮ್ಮೆ ಕಾಲೇಜಿಗೆ ಕರೆದುಕೊಂಡು ಬನ್ನಿ. ಆ ಕಡೆಯ ಹಾಸ್ಟೆಲ್ ವಾರ್ಡನ್ ಜೊತೆ ಅಮ್ಮನೇ ಫೋನಿನಲ್ಲಿ ಮಾತಾಡಿದರೆ ಅರ್ಧ ಆತಂಕ ಅಲ್ಲೇ ಇಳಿಯುತ್ತದೆ.

ಯಾವಾಗ ಹೋಗಬೇಕು

ಜೂನ್, ಜುಲೈ, ಆಗಸ್ಟ್ ಬೇಡ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದದ್ದು, ಆಗಸ್ಟ್‌ನಲ್ಲಿ ಕಾಳಿ ನದಿಯ ಹಳೇ ಸೇತುವೆ ಬಿದ್ದದ್ದು ನಮಗ್ಯಾರಿಗೂ ಮರೆತಿಲ್ಲ. ಘಟ್ಟದ ರಸ್ತೆ ಮಳೆಗಾಲದಲ್ಲಿ ಯಾವಾಗ ಬಂದ್ ಆಗುತ್ತದೋ ಹೇಳಲಾಗದು. ಜೊತೆಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬಂದರಿನಲ್ಲಿ ಟ್ರಾಲರ್ ಮೀನಿನ ಮಾಹಿತಿ ಸಿಗುವುದಿಲ್ಲ.

ಘಟ್ಟದ ಮೇಲಿನ ಕಾಡಿಗೆ ಅಕ್ಟೋಬರ್, ನವೆಂಬರ್ ಒಳ್ಳೆಯದು. ಒಣಗಿದ ತರಗೆಲೆಯಲ್ಲಿ ಕೆಲಸ ಸುಲಭ ಎಂದು ಜನವರಿ, ಫೆಬ್ರುವರಿಗೆ ಇಟ್ಟುಕೊಳ್ಳುವವರಿಗೆ ನಾನು ಬೇಡ ಅನ್ನುತ್ತೇನೆ. ಮಂಗನ ಕಾಯಿಲೆ ಹರಡುವ ಉಣುಗುಗಳು ಚುರುಕಾಗುವುದು ಅದೇ ಒಣ ತಿಂಗಳುಗಳಲ್ಲಿ, ಇರುವುದೂ ಅದೇ ತರಗೆಲೆಯಲ್ಲಿ. ಸಿದ್ದಾಪುರ ಭಾಗದಲ್ಲಿ ಈ ಕಾಯಿಲೆಯಿಂದ ಜೀವ ಹೋಗಿದೆ. ಆ ಕಾಲದಲ್ಲಿ ಹೋಗಲೇಬೇಕಾದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ, ಅವರು ಕೊಡುವ, ಉಣುಗು ದೂರವಿಡುವ ಡೆಪಾ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ಹಾಕಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆ ಒಗೆಯಿರಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಲೇಬೇಕು.

ಕೆಳಗೆ ಬರುವ ಶಿರಸಿಯ ಮಕ್ಕಳಿಗೆ: ತಾರೀಖು ನೋಡುವ ಮೊದಲು ಪಂಚಾಂಗ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಭರತವೂ ದೊಡ್ಡದು, ಇಳಿತವೂ ದೊಡ್ಡದು. ಬಳಚು ಎಂಬ ಚಿಪ್ಪುಜೀವಿಯ ಹಾಸು, ಕೆಸರಿನ ಬಯಲು ಚೆನ್ನಾಗಿ ತೆರೆದುಕೊಳ್ಳುವುದು ಆಗಲೇ. ಇಳಿತದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಬೆಳಿಗ್ಗೆ ಏಳಕ್ಕೆ ಎಣಿಸಿದರೆ ನಾಳೆ ಹೆಚ್ಚುಕಡಿಮೆ ಎಂಟಕ್ಕೆ ಎಣಿಸಬೇಕು, ಗಡಿಯಾರದ ಏಳಕ್ಕಲ್ಲ. ಒಬ್ಬರೇ ಕೆಸರಿಗೆ ಇಳಿಯಬೇಡಿ. ಬಳಚು ಹೆಕ್ಕುವವರ ಜೊತೆ ಹೋಗಿ, ಅವರು ಮೇಲೆ ಬರುವಾಗ ನೀವೂ ಬಂದುಬಿಡಿ.

ಅನುಮತಿಗಳು

ಮೀಸಲು ಅರಣ್ಯದೊಳಗೆ ಕೆಲಸಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇಕು. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಡೆ ಅದು ಬೆಂಗಳೂರಿನಿಂದ ಬರಬೇಕು, ತಿಂಗಳುಗಳು ಹಿಡಿಯುತ್ತವೆ. ಪದವಿ ವಿದ್ಯಾರ್ಥಿಗಳು ತೋಟ, ಕೆರೆ ದಂಡೆ ಆರಿಸಿಕೊಂಡು ಜಮೀನಿನವರ ಒಪ್ಪಿಗೆ ಪಡೆಯುವುದೇ ಸರಿ. ಕಾರವಾರದಲ್ಲಿ ನೌಕಾನೆಲೆ ಇರುವುದರಿಂದ ಡ್ರೋನ್ ತರಲೇಬೇಡಿ, ಅರ್ಗಾ ಕಡೆ ಫೋಟೋ ತೆಗೆಯಬೇಡಿ. ಹಾಲಕ್ಕಿ ಸಮುದಾಯದ ಅಜ್ಜಿಯರ ಹಾಡು, ಮಾತು ರೆಕಾರ್ಡ್ ಮಾಡುವವರು ಮೊದಲು ಒಪ್ಪಿಗೆ ಕೇಳಿ, ಹೆಸರು ಹಾಕಲೇ ಎಂದು ಕೇಳಿ, ರೆಕಾರ್ಡಿಂಗಿನ ಪ್ರತಿಯನ್ನು ಅವರ ಮೊಮ್ಮಕ್ಕಳ ಫೋನಿಗೆ ಹಾಕಿಕೊಡಿ.

ಜೊತೆಗಾರ ಕಾಲೇಜು ವಿದೇಶದ್ದಾದರೆ ಇನ್ನೊಂದು ಕಾನೂನು ಸೇರುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ವಿದೇಶಿಯರು ಇಲ್ಲಿಯ ಜೈವಿಕ ಸಂಪನ್ಮೂಲವನ್ನು ಸಂಶೋಧನೆಗೆ ಪಡೆಯಲು ಚೆನ್ನೈಯಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆ ಬೇಕು. ಅತಿಥಿಯಾಗಿ ಬಂದ ವಿದ್ಯಾರ್ಥಿಯ ಬ್ಯಾಗಿಗೆ ಪ್ರೀತಿಯಿಂದ ಉಪ್ಪುನೀರು ತಾಳುವ ನಮ್ಮ ಕಗ್ಗ ಭತ್ತದ ಬೀಜವನ್ನೋ ಏಡಿಯ ಸ್ಪೆಸಿಮನ್ನನ್ನೋ ಹಾಕಿ ಕಳಿಸುವಂತಿಲ್ಲ.

ಇಲ್ಲಿಂದ ಮುಂದಕ್ಕೆ

ಇಂಥ ಒಂದು ಚಿಕ್ಕ ಕೆಲಸ ಕೈಯಲ್ಲಿದ್ದರೆ ದೊಡ್ಡ ಅರ್ಜಿಗಳಲ್ಲಿ ಬರೆಯಲು ಏನಾದರೂ ಇರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ನಲ್ಲಿ ಸುಮಾರು ಎರಡು ತಿಂಗಳು ವಿಜ್ಞಾನಿಯೊಬ್ಬರ ಬಳಿ ಕೆಲಸ ಮಾಡಬಹುದು. ಅರ್ಜಿ ಕರೆಯುವುದು ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲಿ, ಆದ್ದರಿಂದ ದಸರಾ ಮುಗಿಯುತ್ತಲೇ ಕಣ್ಣಿಟ್ಟಿರಿ. ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಜೀವವಿಜ್ಞಾನ ಮತ್ತು ರಸಾಯನಶಾಸ್ತ್ರದ ಬಿ.ಎಸ್ಸಿ. ವಿದ್ಯಾರ್ಥಿಗಳನ್ನು ಆರಂಭದ ವರ್ಷದಲ್ಲೇ ಆರಿಸಿ ಸತತ ಬೇಸಿಗೆಗಳಲ್ಲಿ ಕರೆಸಿಕೊಳ್ಳುವ ಕಾರ್ಯಕ್ರಮಗಳಿವೆ. ಹತ್ತಿರದಲ್ಲೇ ನೋಡಿದರೆ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ, ಕಾರವಾರದಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಕೇಂದ್ರ, ಶಿರಸಿಯಲ್ಲಿ ಅರಣ್ಯ ಮಹಾವಿದ್ಯಾಲಯ, ರೈಲಿನಲ್ಲಿ ಮಡಗಾಂವ್ ದಾಟಿದರೆ ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಇಷ್ಟೆಲ್ಲ ನಮ್ಮ ಮಗ್ಗುಲಲ್ಲೇ ಇರುವಾಗ ನಮ್ಮ ಮಕ್ಕಳು ಅವುಗಳ ಗೇಟಿನ ಮುಂದೆ ಬಸ್ಸಿನಲ್ಲಿ ಹಾದುಹೋಗಿ ಪದವಿ ಮುಗಿಸಬಾರದು ಎಂದು ನನ್ನ ಆಸೆ.

ವಿನಿಮಯ ಮುಗಿಸಿ ಬಂದ ವಾರದೊಳಗೆ ವರದಿ ಬರೆಯಿರಿ, ತಡಮಾಡಿದರೆ ನಿಮ್ಮ ಅಕ್ಷರವೇ ನಿಮಗೆ ಅರ್ಥವಾಗದು. ಎರಡೂ ಕಡೆಯ ಅಧ್ಯಾಪಕರ, ಜೊತೆ ಎಣಿಸಿದ ಗೆಳೆಯರ ಹೆಸರು ಅದರಲ್ಲಿರಲಿ. ಒಂದು ಪುಟದ ಕನ್ನಡ ಸಾರಾಂಶವನ್ನು ಆ ಊರಿನ ಗ್ರಾಮ ಪಂಚಾಯತಿಗೆ ಕೊಡಿ. ಅಲ್ಲಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯವರು ಇಡುವ ಜನತಾ ಜೀವವೈವಿಧ್ಯ ದಾಖಲಾತಿಗೆ ಅದು ಉಪಯೋಗಕ್ಕೆ ಬರುತ್ತದೆ. ಮೂಲ ಲೆಕ್ಕದ ಹಾಳೆಗಳನ್ನು, ಕೆಸರು ಮೆತ್ತಿದ್ದರೂ ಸರಿ, ಎರಡೂ ವಿಭಾಗಗಳಲ್ಲಿ ಒಂದೊಂದು ಪ್ರತಿ ಇಟ್ಟು ಹೋಗಿ. ಚೌಕಟ್ಟು ಇಟ್ಟ ಜಾಗದ ಅಕ್ಷಾಂಶ ರೇಖಾಂಶ, ತಾರೀಖು, ಇಳಿತದ ಹೊತ್ತು, ಹತ್ತಿರದ ಮರ ಅಥವಾ ಕಲ್ಲಿನ ಗುರುತು ಅದರ ಮೇಲೆ ಬರೆದಿರಲಿ, ಮುಂದಿನ ವರ್ಷ ಬರುವವರು ಅದೇ ಜಾಗದಲ್ಲಿ ಮತ್ತೆ ಎಣಿಸಬೇಕು.